ಸಾಲುಮನೆ ಆಟ: ಒಂದು ಅಭ್ಯಾಸ

ಕುಳಿತು ಆಡುವ ಆಟಗಳನ್ನು ಮೂರು ವರ್ಗ ಮಾಡಬಹುದು. ಕವಡೆ ಅಥವಾ ದಾಳ ಹಾಕಿ, ಬಿದ್ದ ಗರವನ್ನು ನೋಡಿ ಕಾಯಿ ನಡೆಸುವ ಆಟಗಳು ಒಂದನೆಯ ವರ್ಗ. ಪಗಡೆ, ಚೌಕಾಬಾರಗಳು ಈ ಜಾತಿಯವು. ಹರಳುಗಳನ್ನು ಎಣಿಸುತ್ತ ಗುಳಿಯಿಂದ ಗುಳಿಗೆ ಹಂಚುತ್ತ ಹೋಗುವ ಅಳಗುಳಿಮನೆ ಎರಡನೆಯ ವರ್ಗದ್ದು. ಮೂರನೆಯ ವರ್ಗದಲ್ಲಿ ಗರವಿಲ್ಲ, ಅದೃಷ್ಟವಿಲ್ಲ, ಮುಚ್ಚಿಟ್ಟುಕೊಳ್ಳುವ ಎಲೆಯೂ ಇಲ್ಲ. ಇಬ್ಬರು ಎದುರುಬದುರು ಕುಳಿತು, ಒಬ್ಬರಾದ ಮೇಲೊಬ್ಬರು, ಸರದಿಯ ಪ್ರಕಾರ ಕಾಯಿ ಇಡುತ್ತಾರೆ. ಹಲಗೆಯ ಮೇಲಿರುವದೆಲ್ಲ ಇಬ್ಬರಿಗೂ ಕಾಣುವದು. ಚದುರಂಗ, ಹುಲಿ-ಕುರಿ ಆಟಗಳು ಈ ವರ್ಗದವು. ನಾನು ಇಲ್ಲಿ ವಿಚಾರಿಸಬೇಕೆಂದಿರುವ ಸಾಲುಮನೆ ಆಟವೂ ಇದೇ ವರ್ಗದ್ದು.

ಈ ಮೂರನೆಯ ವರ್ಗಕ್ಕೆ ಒಂದು ವಿಶೇಷ ಗುಣವಿದೆ. ಪಗಡೆಯಲ್ಲಿ ಸೋತವನು ದಾಳವನ್ನು ಬೈದು ಎದ್ದು ಹೋಗಬಹುದು. ಸಾಲುಮನೆಯಲ್ಲಿ ಸೋತವನಿಗೆ ಬೈಯಲು ಯಾರೂ ಸಿಗುವದಿಲ್ಲ. ತಾನೇ ಇಟ್ಟ ಕಾಯಿ, ತಾನೇ ಬಿಟ್ಟ ಮನೆ. ಆದುದರಿಂದಲೇ ಈ ಆಟವು ಮಕ್ಕಳ ಕಾಲಕ್ಷೇಪವಾಗಿ ಕಂಡರೂ, ವಿಚಾರ ಮಾಡುವದನ್ನು ಕಲಿಸುವ ಒಂದು ಚಿಕ್ಕ ಪಾಠಶಾಲೆಯಾಗಿದೆ. ತರ್ಕಶಾಸ್ತ್ರವನ್ನೂ ಗಣಿತವನ್ನೂ ಅಭ್ಯಾಸ ಮಾಡುವ ನಮ್ಮಂಥ ವಿದ್ಯಾರ್ಥಿಗಳು ಇದನ್ನು ಒಮ್ಮೆ ಸಾವಧಾನವಾಗಿ ನೋಡುವದು ಒಳ್ಳೆಯದು.

ಹಲಗೆಯೂ ಕಾಯಿಗಳೂ

ಈ ಆಟಕ್ಕೆ ಖರ್ಚು ಇಲ್ಲ. ಶಹಾಬಾದಿ ಫರಸಿಯ ಮೇಲೆ ಖಡುವಿನಿಂದ ಗೆರೆ ಎಳೆದರೆ ಹಲಗೆ ಸಿದ್ಧ. ಒಂದರೊಳಗೊಂದು ಮೂರು ಚೌಕಗಳನ್ನು ಬರೆದು, ಪ್ರತಿಯೊಂದು ಬದಿಯ ನಡುವಿನಿಂದ ಹೊರಚೌಕವನ್ನು ಒಳಚೌಕಕ್ಕೆ ಕೂಡಿಸುವ ನಾಲ್ಕು ಅಡ್ಡಗೆರೆಗಳನ್ನು ಎಳೆಯಬೇಕು. ಮೂಲೆಗಳೂ ಗೆರೆಗಳು ಕೂಡುವ ಸ್ಥಳಗಳೂ ಸೇರಿ ಒಟ್ಟು 24 ಮನೆಗಳಾಗುವವು. ಒಬ್ಬೊಬ್ಬನಿಗೆ ಒಂಬತ್ತು ಕಾಯಿ.

ಕಾಯಿಗಳ ವಿಷಯದಲ್ಲಿ ನಮ್ಮ ಸೀಮೆಗೆ ತನ್ನದೇ ಆದ ಅನುಕೂಲವಿದೆ. ಖಾನಾಪುರವು ಮಡಿಕೆಗೂ ಹಂಚಿಗೂ ಹೆಸರಾದ ಊರು. ಅಲ್ಲಿಯ ಕೆಂಪು ಮಣ್ಣು ಕುಂಬಾರನ ಕೈಗೆ ಒಗ್ಗುವಂಥದು. ಕ್ಯಾಂಪಿನ ಹಳೆಯ ಬಂಗಲೆಗಳ ಮೇಲೂ, ಖಾನಾಪುರ ರಸ್ತೆಯುದ್ದಕ್ಕೂ ಇರುವ ಹಳ್ಳಿಯ ಮನೆಗಳ ಮೇಲೂ ಹಂಚು ಕಾಣುವದು ಸಾಮಾನ್ಯ. ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ಒಡೆದ ಹಂಚುಗಳು ಹಿತ್ತಲಲ್ಲಿ ಬೀಳುವವು. ಅಂಥ ಒಂದು ಚೂರನ್ನು ಎತ್ತಿಕೊಂಡು ಕಲ್ಲಿಗೆ ತಿಕ್ಕಿದರೆ ದುಂಡನೆಯ ಬಿಲ್ಲೆಯಾಗುವದು. ಒಬ್ಬನು ಒಂಬತ್ತು ಹಂಚಿನ ಬಿಲ್ಲೆ ಹಿಡಿದರೆ, ಇನ್ನೊಬ್ಬನು ಒಂಬತ್ತು ಗಜಗವನ್ನೋ ಹುಣಸೆ ಬೀಜವನ್ನೋ ಹಿಡಿಯುತ್ತಾನೆ. ಈ ಲೇಖನದಲ್ಲಿ ಇಬ್ಬರನ್ನೂ ‘ಹಂಚಿನವನು’, ‘ಗಜಗದವನು’ ಎಂದೇ ಕರೆಯುತ್ತೇನೆ. ಸಹ್ಯಾದ್ರಿಯ ಸೆರಗಿನಲ್ಲಿರುವ ನಮ್ಮ ಕಡೆಗೆ ಜೂನ್ ತಿಂಗಳಿಂದ ಮಳೆ ಹಿಡಿದರೆ ಸುಲಭವಾಗಿ ಬಿಡುವದಿಲ್ಲ. ಬಯಲಾಟಗಳು ನಿಂತ ಆ ದಿನಗಳಲ್ಲಿ ಪಡಸಾಲೆಯ ಫರಸಿಯ ಮೇಲೆ ಸಾಲುಮನೆಯು ಮೂಡುತ್ತದೆ.

ನಿಯಮಗಳು

ಆಟಕ್ಕೆ ಎರಡು ಕಾಲಗಳಿವೆ. ಮೊದಲನೆಯದು ಇಡುವ ಕಾಲ. ಹಲಗೆಯು ಬರಿದಾಗಿರುವದು, ಸರದಿಯಂತೆ ಒಂದೊಂದೇ ಕಾಯಿಯನ್ನು ಬೇಕಾದ ಬರಿಯ ಮನೆಯಲ್ಲಿ ಇಡಬೇಕು. ಹೀಗೆ ಒಟ್ಟು 18 ಸಲ ಇಡುವದಾಗುತ್ತದೆ. ಒಂದೇ ಗೆರೆಯ ಮೇಲಿನ ಮೂರು ಮನೆಗಳಲ್ಲಿ ಒಬ್ಬನ ಮೂರು ಕಾಯಿಗಳು ಬಂದರೆ ಅದು ‘ಸಾಲು’. ಸಾಲು ಮಾಡಿದವನು ಎದುರಾಳಿಯ ಒಂದು ಕಾಯಿಯನ್ನು ಎತ್ತಿ ಹೊರಗೆ ಹಾಕುತ್ತಾನೆ. ಎದುರಾಳಿಯ ಸಾಲಿನಲ್ಲಿರುವ ಕಾಯಿಯನ್ನು ಮುಟ್ಟಬಾರದು; ಅವನ ಕಾಯಿಗಳೆಲ್ಲವೂ ಸಾಲಿನಲ್ಲಿಯೇ ಇದ್ದರೆ ಮಾತ್ರ ಈ ನಿರ್ಬಂಧವಿಲ್ಲ. ಹೊರಗೆ ಹೋದ ಕಾಯಿ ಮತ್ತೆ ಬರುವದಿಲ್ಲ.

ಕಾಯಿಗಳೆಲ್ಲ ಇಟ್ಟಾದ ಮೇಲೆ ನಡೆಸುವ ಕಾಲ. ಆಗ ಗೆರೆಯ ಗುಂಟ ಪಕ್ಕದ ಬರಿಯ ಮನೆಗೆ ಒಂದು ಹೆಜ್ಜೆ ಸರಿಸಬೇಕು. ಹೊಸ ಸಾಲು ಕೂಡಿದಾಗಲೆಲ್ಲ ಮತ್ತೊಂದು ಕಾಯಿ ಎತ್ತುವದು. ಒಬ್ಬನ ಬಳಿ ಎರಡೇ ಕಾಯಿ ಉಳಿದರೆ ಅವನು ಸೋತಂತೆ. ಕಾಯಿಗಳಿದ್ದರೂ ಸರಿಸಲು ದಾರಿ ಇಲ್ಲದೆ ಕಟ್ಟಿಹೋದರೂ ಸೋತಂತೆ. ಮೂರು ಕಾಯಿ ಉಳಿದವನಿಗೆ ಯಾವ ಬರಿಯ ಮನೆಗಾದರೂ ಹಾರಲು ಕೆಲವು ಮನೆಗಳಲ್ಲಿ ಅನುಮತಿ ಇದೆ, ಕೆಲವು ಕಡೆ ಇಲ್ಲ. ಈ ಭೇದದ ವಿಷಯವನ್ನು ಮುಂದೆ ಹೇಳುತ್ತೇನೆ.

ಮನೆಗಳ ಬೆಲೆ

ಮಾತಿನಲ್ಲಿ ಆಟವನ್ನು ವಿವರಿಸಲು ಮನೆಗಳಿಗೆ ಹೆಸರು ಬೇಕು. ಹೊರಚೌಕಕ್ಕೆ ‘ಹೊ’, ನಡುಚೌಕಕ್ಕೆ ‘ನ’, ಒಳಚೌಕಕ್ಕೆ ‘ಒ’ ಎನ್ನೋಣ. ಪ್ರತಿಯೊಂದು ಚೌಕದಲ್ಲಿ ಮೇಲಿನ ಎಡ ಮೂಲೆಯಿಂದ ಆರಂಭಿಸಿ ಗಡಿಯಾರದ ಮುಳ್ಳು ತಿರುಗುವಂತೆ 1ರಿಂದ 8ರವರೆಗೆ ಅಂಕಿ ಹಾಕೋಣ. ಆಗ 1, 3, 5, 7 ಇವು ಮೂಲೆಗಳು. 2, 4, 6, 8 ಇವು ಬದಿಗಳ ನಡುಮನೆಗಳು. ಮೇಲಿನ ಗೆರೆಯು ಹೊ1, ಹೊ2, ಹೊ3. ಹೊರಗಿನಿಂದ ಒಳಗೆ ಬರುವ ಮೇಲಿನ ಅಡ್ಡಗೆರೆಯು ಹೊ2, ನ2, ಒ2. ವಾಚಕರು ಒಂದು ಹಾಳೆಯ ಮೇಲೆ ಇದನ್ನು ಬರೆದುಕೊಂಡು ಮುಂದೆ ಓದಿದರೆ ಅನುಕೂಲವಾದೀತು.

ಸಾಲುಗಳಾಗಬಲ್ಲ ಗೆರೆಗಳೆಷ್ಟು? ಮೂರು ಚೌಕಗಳಿಗೆ ನಾಲ್ಕು ನಾಲ್ಕರಂತೆ 12, ಅಡ್ಡಗೆರೆಗಳು 4, ಒಟ್ಟು 16. ಒಂದೊಂದು ಗೆರೆಯಲ್ಲಿ ಮೂರು ಮನೆಗಳಂತೆ 48 ಆಗುವದು. ಮನೆಗಳು 24 ಮಾತ್ರ. ಅಂದರೆ ಪ್ರತಿಯೊಂದು ಮನೆಯೂ ಸರಿಯಾಗಿ ಎರಡು ಗೆರೆಗಳಲ್ಲಿ ಸೇರಿದೆ. ಈ ಮಾತಿನಲ್ಲಿ ಎಲ್ಲ ಮನೆಗಳೂ ಸಮಾನ. ಒಂಬತ್ತು ಮನೆಯ ಸೊನ್ನೆ-ಗುಣಾಕಾರದ ಆಟದಲ್ಲಿ ಹೀಗಿಲ್ಲ. ಅಲ್ಲಿ ನಡುವಿನ ಮನೆಗೆ ನಾಲ್ಕು ಗೆರೆ, ಮೂಲೆಗೆ ಮೂರು, ಬದಿಗೆ ಎರಡು. ಆದುದರಿಂದ ಅಲ್ಲಿ ಮೊದಲು ನಡುವನ್ನು ಹಿಡಿಯಬೇಕೆಂಬದು ಚಿಕ್ಕ ಮಕ್ಕಳಿಗೂ ಹೊಳೆಯುತ್ತದೆ.

ಹಾಗಾದರೆ ಸಾಲುಮನೆಯಲ್ಲಿ ಎಲ್ಲಿ ಇಟ್ಟರೂ ಒಂದೆಯೇ? ಅಲ್ಲ. ಸಾಲಿನ ಲೆಕ್ಕದಲ್ಲಿ ಸಮಾನವಾದ ಮನೆಗಳು ದಾರಿಯ ಲೆಕ್ಕದಲ್ಲಿ ಸಮಾನವಲ್ಲ. ಮೂಲೆಮನೆಗಳು ಹನ್ನೆರಡು, ಅವುಗಳಿಂದ ಹೊರಡುವ ದಾರಿ ಎರಡೇ. ಹೊರಚೌಕ, ಒಳಚೌಕಗಳ ನಡುಮನೆಗಳು ಎಂಟು. ಅವಕ್ಕೆ ಮೂರು ದಾರಿ. ನಡುಚೌಕದ ನಡುಮನೆಗಳಾದ ನ2, ನ4, ನ6, ನ8 ಈ ನಾಲ್ಕಕ್ಕೆ ಮಾತ್ರ ನಾಲ್ಕು ನಾಲ್ಕು ದಾರಿ. ಇಡುವ ಕಾಲದಲ್ಲಿ ದಾರಿಯ ಬೆಲೆ ಕಣ್ಣಿಗೆ ಬೀಳುವದಿಲ್ಲ. ನಡೆಸುವ ಕಾಲ ಬಂದಾಗ, ಎರಡೂ ಕಡೆಯಿಂದ ಎದುರಾಳಿ ಬಂದು ಕುಳಿತ ಮೂಲೆಯ ಕಾಯಿಯು ಕಟ್ಟಿಹಾಕಿದ ಎತ್ತಿನಂತೆ ನಿಲ್ಲುತ್ತದೆ. ಇಂದು ಸಾಲಿಗೆ ಚೆಲುವಾಗಿ ಕಂಡ ಮನೆ ನಾಳೆ ಸೆರೆಮನೆಯಾದೀತು ಎಂಬದು ಇಲ್ಲಿಯ ಮೊದಲನೆಯ ಪಾಠ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಹಲಗೆಯನ್ನು ತಿರುಗಿಸಿದರೂ, ಕನ್ನಡಿಯಲ್ಲಿ ನೋಡಿದರೂ, ಹೊರಚೌಕವನ್ನು ಒಳಚೌಕದ ಸ್ಥಾನದಲ್ಲಿ ಭಾವಿಸಿಕೊಂಡರೂ ಆಟದ ಸಂಬಂಧಗಳು ಬದಲಾಗುವದಿಲ್ಲ. ಆದುದರಿಂದ ಮೊದಲ ಕಾಯಿಯನ್ನಿಡಲು 24 ಮನೆಗಳಿದ್ದರೂ ನಿಜವಾಗಿ ಬೇರೆ ಬೇರೆಯಾದ ಆರಂಭಗಳು ನಾಲ್ಕೇ: ಹೊರಗಿನ ಅಥವಾ ಒಳಗಿನ ಮೂಲೆ, ನಡುಚೌಕದ ಮೂಲೆ, ಹೊರಗಿನ ಅಥವಾ ಒಳಗಿನ ನಡುಮನೆ, ನಡುಚೌಕದ ನಡುಮನೆ. ಬಹಳವಾಗಿ ಕಂಡದ್ದನ್ನು ಕೆಲವಕ್ಕೆ ಇಳಿಸುವದು ಗಣಿತದ ಹಳೆಯ ಚಾಳಿ.

ಒಂದು ಮಾದರಿ ಆಟ

ಈಗ ಸರದಿ ಸರದಿಯಾಗಿ ಒಂದು ಆಟವನ್ನು ನೋಡೋಣ. ಹಂಚಿನವನು ಮೊದಲು ಇಡುತ್ತಾನೆ.

ಮೊದಲನೆಯ ಸರದಿ: ಹಂಚು ನ2, ಗಜಗ ಹೊ6. ಗಜಗದವನು ಇನ್ನೂ ದೂರದಲ್ಲಿದ್ದಾನೆ. ಎದುರಿನವನ ಕಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಎರಡನೆಯ ಸರದಿ: ಹಂಚು ನ4. ಈಗ ಹಂಚಿನವನು ನ3ರಲ್ಲಿ ಇನ್ನೊಂದು ಕಾಯಿ ಇಟ್ಟರೆ, ನ1ರಲ್ಲಿಯೂ ನ5ರಲ್ಲಿಯೂ ಏಕಕಾಲಕ್ಕೆ ಸಾಲು ಮಾಡುವ ಬೆದರಿಕೆ ಹುಟ್ಟುವದು. ಇದನ್ನು ‘ಕವಲು’ ಎನ್ನೋಣ. ಒಂದು ಸರದಿಗೆ ಒಂದೇ ಕಾಯಿ ಇಡಬಹುದಾದ್ದರಿಂದ ಕವಲಿಗೆ ತಡೆಯಿಲ್ಲ. ಇದನ್ನು ಕಂಡ ಗಜಗದವನು ನ3ರಲ್ಲಿ ಕಾಯಿ ಇಟ್ಟು ನಿಟ್ಟುಸಿರು ಬಿಡುತ್ತಾನೆ.

ಮೂರನೆಯ ಸರದಿ: ಹಂಚು ಹೊ2. ಹೊ2, ನ2 ಎರಡೂ ಹಂಚಿನವು. ಒ2 ಸಿಕ್ಕರೆ ಅಡ್ಡಸಾಲು. ಗಜಗದವನು ಒ2ರಲ್ಲಿ ಇಡಲೇಬೇಕು.

ನಾಲ್ಕನೆಯ ಸರದಿ: ಹಂಚು ಹೊ4. ಅದೇ ಬೆದರಿಕೆ ಬಲಗಡೆಗೆ. ಗಜಗ ಒ4ರಲ್ಲಿ ಬೀಳಲೇಬೇಕು.

ಐದನೆಯ ಸರದಿ: ಹಂಚು ಹೊ3. ಈಗ ಹೊ1ರಲ್ಲಿ ಇಟ್ಟರೂ ಸಾಲು, ಹೊ5ರಲ್ಲಿ ಇಟ್ಟರೂ ಸಾಲು. ನಡುಚೌಕದಲ್ಲಿ ತಡೆದ ಕವಲು ಹೊರಚೌಕದಲ್ಲಿ ಮೂಡಿತು. ಗಜಗದವನು ಹೊ5ನ್ನು ಮುಚ್ಚುತ್ತಾನೆ. ಹೊ5, ಹೊ6 ಎರಡು ಅವನವಾದ್ದರಿಂದ, ಹೊ7ರಲ್ಲಿ ತನಗೂ ಒಂದು ಸಾಲಿನ ಆಸೆ ಹುಟ್ಟುತ್ತದೆ.

ಆರನೆಯ ಸರದಿ: ಹಂಚು ಹೊ1. ಸಾಲು ಕೂಡಿತು. ಈಗ ಗಜಗದ ಯಾವ ಕಾಯಿಯನ್ನು ತೆಗೆಯಬೇಕು?

ಇಲ್ಲಿ ಅನೇಕರು ಕೈಗೆ ಬಂದದ್ದನ್ನು ಎತ್ತಿಬಿಡುತ್ತಾರೆ. ಹೊ6ನ್ನು ಎತ್ತಿದರೆ ಹೊ7ರ ಭಯ ತಪ್ಪುವದು ನಿಜ. ಆದರೆ ಗಜಗದವನು ಕೂಡಲೇ ಒ3ರಲ್ಲಿ ಇಟ್ಟರೆ, ಒ2, ಒ3, ಒ4 ಸೇರಿ ಒ1ಕ್ಕೂ ಒ5ಕ್ಕೂ ಕವಲಾಗುವದು! ಹಂಚಿನವನ ಒತ್ತಾಯಕ್ಕೆ ಇಟ್ಟ ಕಾಯಿಗಳೇ ಅವನ ಮೇಲೆ ತಿರುಗಿಬಿದ್ದವು. ಗಳಿಸಿದ್ದನ್ನು ಮರುಗಳಿಗೆಗೆ ಕಳೆದುಕೊಂಡಂತಾಯಿತು. ಹೊ5ನ್ನು ಎತ್ತಿದರೆ ಹಾಗಿಲ್ಲ. ಹೊ7ರ ಭಯವೂ ತಪ್ಪಿತು, ಹೊ3-ಹೊ4-ಹೊ5 ಸಾಲಿನ ಬೆದರಿಕೆಯೂ ಮತ್ತೆ ಜೀವ ತಳೆಯಿತು. ಗಜಗದವನಿಗೆ ಒ3ರಲ್ಲಿ ಇಡಲು ಪುರಸೊತ್ತಿಲ್ಲ. ಹೊ5ನ್ನೇ ಮತ್ತೆ ಮುಚ್ಚಬೇಕು. ಆಗ ಹೊ7ರ ಬೆದರಿಕೆ ಮತ್ತೆ ಬರುವದು. ಹಂಚಿನವನು ಹೊ7ರಲ್ಲಿ ಇಡುತ್ತಾನೆ. ಅದು ತಡೆಯೂ ಹೌದು, ಹೊ1ರ ಜೊತೆಗೆ ಕೂಡಿ ಹೊ8ಕ್ಕೆ ಬೆದರಿಕೆಯೂ ಹೌದು. ಗಜಗದವನು ಹೊ8ಕ್ಕೆ ಓಡಬೇಕು. ಆಮೇಲೆ ಹಂಚಿನವನು ನಿಶ್ಚಿಂತೆಯಿಂದ ಒ3ನ್ನು ತಾನೇ ಹಿಡಿಯುತ್ತಾನೆ. ಒಂದು ಕಾಯಿಯ ಲಾಭ ಅವನಿಗೆ ಉಳಿಯಿತು.

ಗಜಗದವನು ಎಲ್ಲಿ ತಪ್ಪಿದನು? ಎರಡನೆಯ ಸರದಿಯಲ್ಲಿ ಅವನು ಬೆದರಿಕೆಯನ್ನು ಕಂಡು ಕೂಡಲೇ ತಡೆದನು. ಅಷ್ಟೇ ಅವನ ತಪ್ಪು. ತಡೆಯುವ ಮೊದಲು ತಾನೊಂದು ಬೆದರಿಕೆ ಹಾಕಬೇಕಾಗಿತ್ತು. ನ3ಕ್ಕೆ ಬದಲು ಹೊ5ರಲ್ಲಿ ಇಟ್ಟಿದ್ದರೆ ಹೊ5, ಹೊ6 ಕೂಡಿ ಹೊ7ನ್ನು ಕೇಳುತ್ತಿದ್ದವು. ಹಂಚಿನವನು ಅದನ್ನು ಅಲಕ್ಷಿಸಿ ನ3ರಲ್ಲಿ ಕವಲು ಮಾಡಿದರೆ, ಗಜಗದವನು ಹೊ7ರಲ್ಲಿ ಸಾಲು ಮಾಡಿ ಅದೇ ನ3ರ ಕಾಯಿಯನ್ನು ಎತ್ತಿಬಿಡುತ್ತಿದ್ದನು. ಆದುದರಿಂದ ಹಂಚಿನವನು ಹೊ7ನ್ನು ಮುಚ್ಚಲೇಬೇಕು. ಆಮೇಲೆ ಗಜಗದವನು ನ3ರಲ್ಲಿ ಇಟ್ಟರೆ, ಹೊ5 ಮೊದಲೇ ತನ್ನದಾಗಿರುವದರಿಂದ, ಹೊರಚೌಕದ ಕವಲೂ ಇಲ್ಲ. ಒಂದೇ ಮನೆ, ಒಂದೇ ಕಾಯಿ. ಆದರೆ ಮೊದಲು ಇಟ್ಟರೆ ರಕ್ಷೆ, ಆಮೇಲೆ ಇಟ್ಟರೆ ಪ್ರಾಯಶ್ಚಿತ್ತ. ಸರದಿಯ ಆಟದಲ್ಲಿ ಮನೆಗಿಂತ ಹೊತ್ತು ದೊಡ್ಡದು.

ನಡೆಸುವ ಕಾಲ

ನಡೆಸುವ ಕಾಲದ ಮುಖ್ಯ ಆಯುಧವು ‘ಜೋಡುಸಾಲು’. ಹೊ1, ಹೊ2, ಹೊ3 ಒಂದು ಸಾಲಾಗಿ ನಿಂತಿವೆ, ನ1, ನ3 ಎರಡೂ ತನ್ನವೇ, ನ2 ಬರಿದಾಗಿದೆ. ಹೊ2ರ ಕಾಯಿಯನ್ನು ನ2ಕ್ಕೆ ಇಳಿಸಿದರೆ ನಡುಚೌಕದಲ್ಲಿ ಸಾಲು. ಮರುಸರದಿಗೆ ಹೊ2ಕ್ಕೆ ಏರಿಸಿದರೆ ಹೊರಚೌಕದಲ್ಲಿ ಸಾಲು. ಐದೇ ಕಾಯಿಗಳಿಂದ ಪ್ರತಿ ಹೆಜ್ಜೆಗೂ ಎದುರಾಳಿಯ ಒಂದು ಕಾಯಿ ಹೋಗುತ್ತದೆ. ತೆರವಾದ ಹೊ2ರೊಳಗೆ ಎದುರಾಳಿಯು ನುಗ್ಗಬಹುದಲ್ಲ ಎಂದರೆ, ಅದಕ್ಕೆ ಇರುವ ಮೂರೂ ದಾರಿಗಳು ಹೊ1, ಹೊ3, ನ2ರಿಂದ ಬರತಕ್ಕವು; ಮೂರರಲ್ಲಿಯೂ ಹಂಚೇ ಕುಳಿತಿದೆ. ಬೀಸುಕಲ್ಲಿನಂತೆ ಅದು ಒಂದೇ ಸಮನೆ ಅರೆಯುತ್ತಿರುತ್ತದೆ. ಜರ್ಮನ್ ಭಾಷೆಯಲ್ಲಿ ಈ ಆಟಕ್ಕೆ ‘ಮ್ಯೂಲೆ’, ಅಂದರೆ ಬೀಸುವ ಗಿರಣಿ, ಎಂದೇ ಹೆಸರು. ಜೋಡುಸಾಲಿಗೆ ಅವರು ‘ತ್ಸ್ವಿಕ್‌ಮ್ಯೂಲೆ’ ಎನ್ನುವರು. ಆ ಶಬ್ದವು ಆಟದಿಂದ ಆಚೆಗೆ ಹೊರಟು, ಎತ್ತ ಹೋದರೂ ಬಿಡುಗಡೆಯಿಲ್ಲದ ಇಕ್ಕಟ್ಟಿಗೆ ನಿತ್ಯದ ಮಾತಿನಲ್ಲಿ ಸಲ್ಲುತ್ತದೆ.

ಜೋಡುಸಾಲು ಬಿದ್ದ ಮೇಲೆ ಅದನ್ನು ಮುರಿಯುವದು ಕಷ್ಟ. ಬೀಳದಂತೆ ನೋಡಿಕೊಳ್ಳುವದು ಸುಲಭ. ಕಾಯಿ ಇಡುವಾಗಲೇ ನಡುಚೌಕದ ನಾಲ್ಕು ನಡುಮನೆಗಳಲ್ಲಿ ಎರಡನ್ನಾದರೂ ಹಿಡಿದುಕೊಂಡವನು ಈ ಕಷ್ಟಕ್ಕೆ ಬೇಗನೆ ಸಿಕ್ಕುವದಿಲ್ಲ. ನಾಲ್ಕು ದಾರಿಯ ಮನೆಯಲ್ಲಿ ಕುಳಿತ ಕಾಯಿಯು ಒಂದೇ ಹೆಜ್ಜೆಯಲ್ಲಿ ಒಳಗೂ ಹೊರಗೂ ಎಡಕ್ಕೂ ಬಲಕ್ಕೂ ನೆರವಿಗೆ ಹೋಗಬಲ್ಲದು.

ಆಟದ ಹಿರಿತನ

ಸಾಲುಮನೆಯು ನಮ್ಮೊಬ್ಬರ ಆಸ್ತಿಯಲ್ಲ. ಮರಾಠಿ, ಗುಜರಾತಿ ಸೀಮೆಗಳಲ್ಲಿ ಇದನ್ನು ‘ನವಕಂಕರಿ’, ಅಂದರೆ ಒಂಬತ್ತು ಹರಳಿನ ಆಟ, ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ‘ನೈನ್ ಮೆನ್ಸ್ ಮಾರಿಸ್’. ಕ್ಯಾಸ್ಟೀಲಿನ ದೊರೆ ಹತ್ತನೆಯ ಆಲ್ಫಾನ್ಸೊ 1283ರಲ್ಲಿ ಮುಗಿಸಿಸಿದ ಆಟಗಳ ಗ್ರಂಥದಲ್ಲಿ ಚದುರಂಗದ ಜೊತೆಗೆ ಇದರ ವರ್ಣನೆಯೂ ಚಿತ್ರವೂ ಇವೆ. ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಟೈಟೇನಿಯಾ ಅಕಾಲದ ಮಳೆಯ ಹಾವಳಿಯನ್ನು ಹೇಳುವಾಗ, ಹುಲ್ಲುನೆಲದಲ್ಲಿ ಕೊರೆದ ಈ ಆಟದ ಅಂಕಣವು ಕೆಸರಿನಿಂದ ತುಂಬಿಹೋದ ಮಾತನ್ನು ಎತ್ತುತ್ತಾಳೆ. ಅಲ್ಲಿ ಮಳೆಯಿಂದ ಅಳಿದ ಆಟವು ನಮ್ಮಲ್ಲಿ ಮಳೆಯಿಂದಲೇ ಮೂಡುವದು ಒಂದು ವಿನೋದ.

ನಮ್ಮ ನಾಡಿನಲ್ಲಿ ಹಂಪೆಯಂಥ ಸ್ಥಳಗಳ ಗುಡಿ ಮಂಟಪಗಳ ಹಾಸುಗಲ್ಲಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಬಹುದು. ಇವುಗಳಿಂದ ಕಾಲನಿರ್ಣಯ ಮಾಡಲು ಹೊರಡುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಗುಡಿಯ ಕಾಲವು ಗೆರೆಯ ಕಾಲವಲ್ಲ. ಕಲ್ಲು ಹಾಸಿದ ಮೇಲೆ ಯಾವ ಶತಮಾನದಲ್ಲಾದರೂ ಯಾರಾದರೂ ಕುಳಿತು ಕೊರೆದಿರಬಹುದು. ಈಜಿಪ್ತದ ಕುರ್ನಾ ದೇವಾಲಯದ ಕಲ್ಲಿನ ಮೇಲಿನ ಗೆರೆಗಳನ್ನು ನೋಡಿ ಈ ಆಟಕ್ಕೆ ಮೂರು ಸಾವಿರ ವರ್ಷಗಳಿಗೂ ಹೆಚ್ಚಿನ ವಯಸ್ಸು ಹೇಳಿದ್ದುಂಟು. ಈ ಕಾರಣಕ್ಕಾಗಿಯೇ ಮುಂದಿನ ವಿದ್ವಾಂಸರು ಅದನ್ನು ಸಂದೇಹಿಸಿದರು. ಖಾನಾಪುರ ತಾಲೂಕಿನಲ್ಲಿ ಹಲಸಿಯಂಥ ಕದಂಬರ ಕಾಲದ ಸ್ಥಳಗಳಿವೆ. ಅಲ್ಲಿಗೆ ಹೋಗುವ ಇತಿಹಾಸದ ವಿದ್ಯಾರ್ಥಿಗಳು ಶಿಖರವನ್ನು ನೋಡಿದ ಮೇಲೆ ಕಾಲಡಿಯ ಕಲ್ಲನ್ನೂ ಒಮ್ಮೆ ನೋಡಬೇಕು. ಗೆರೆ ಕಂಡರೆ ಅಳೆದು ಬರೆದಿಡುವದು. ವಯಸ್ಸು ಹೇಳುವ ಅವಸರ ಬೇಡ.

ಆಟಗಳನ್ನು ಶಾಸ್ತ್ರವಾಗಿ ಕಂಡವರು ಕನ್ನಡನಾಡಿನಲ್ಲಿ ಇರಲಿಲ್ಲವೆಂದಲ್ಲ. 1794ರಿಂದ 1868ರ ವರೆಗೆ ಜೀವಿಸಿದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳಲ್ಲಿ ಅಪಾರ ಆಸಕ್ತಿ ತಳೆದು ಹೊಸ ಹೊಸ ಆಟಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲಾಗಿದೆ. ಹೊರನಾಡುಗಳಲ್ಲಿಯೂ ಕಾಯಿ ಇಡುವ ಆಟಗಳು ಬೆಳೆಯುತ್ತಲೇ ಇವೆ. 2000ದಲ್ಲಿ ಜರ್ಮನಿಯಲ್ಲಿ ಪ್ರಕಟವಾದ ‘ಕಾರ್ಕಸೋನ್’ ಎಂಬ ಆಟದಲ್ಲಿ ಹಲಗೆಯೇ ಇಲ್ಲ. ದಾರಿ, ಪೇಟೆ, ಹೊಲಗಳ ಚಿತ್ರವಿರುವ 72 ಚೌಕ ಬಿಲ್ಲೆಗಳನ್ನು ಸರದಿಯಂತೆ ಒಂದರ ಪಕ್ಕಕ್ಕೊಂದು ಇಡುತ್ತ ಹೋದಂತೆ ಊರು ಬೆಳೆಯುತ್ತದೆ. ಆದರೆ ಅಲ್ಲಿ ಯಾವ ಬಿಲ್ಲೆ ಕೈಗೆ ಬರುವದೆಂಬದು ಅದೃಷ್ಟದ ಮಾತು. ನಮ್ಮ ಹಂಚಿನ ಬಿಲ್ಲೆಗೆ ಆ ನೆಪವೂ ಇಲ್ಲ.

ಯಂತ್ರದ ತೀರ್ಪು

ಇಬ್ಬರೂ ಎಲ್ಲಿಯೂ ತಪ್ಪದೆ ಆಡಿದರೆ ಗೆಲ್ಲುವವರು ಯಾರು? ಮೊದಲು ಇಟ್ಟವನೋ, ಕೊನೆಗೆ ಇಟ್ಟವನೋ? ಬಹುಕಾಲದ ಈ ಪ್ರಶ್ನೆಗೆ 1993ರಲ್ಲಿ ಉತ್ತರ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಗಾಸರ್ ಎಂಬವರು ಗಣಕಯಂತ್ರದ ಸಹಾಯದಿಂದ ಆಟವನ್ನು ಪೂರ್ತಿಯಾಗಿ ಬಿಡಿಸಿದರು. ಅವರು ಹಿಡಿದ ದಾರಿ ಸ್ವಾರಸ್ಯವಾದುದು. ಮೊದಲಿನಿಂದ ಕೊನೆಗೆ ಹೋಗದೆ ಕೊನೆಯಿಂದ ಮೊದಲಿಗೆ ಬಂದರು. ಸೋತುಹೋದ ಸ್ಥಿತಿಗಳನ್ನು ಮೊದಲು ಗುರುತಿಸಿ, ಒಂದು ಹೆಜ್ಜೆಯಲ್ಲಿ ಎದುರಾಳಿಯನ್ನು ಅಲ್ಲಿಗೆ ತಳ್ಳಬಹುದಾದ ಸ್ಥಿತಿಗಳನ್ನು ‘ಗೆಲವು’ ಎಂದು ಬರೆದು, ಎತ್ತ ಸರಿದರೂ ಎದುರಾಳಿಗೆ ಗೆಲವನ್ನೇ ಕೊಡುವ ಸ್ಥಿತಿಗಳನ್ನು ‘ಸೋಲು’ ಎಂದು ಬರೆದು, ಹೀಗೆ ಹಿಂದೆ ಹಿಂದೆ ನಡೆದರು. ನಡೆಸುವ ಕಾಲದ ಸುಮಾರು 770 ಕೋಟಿ ಸ್ಥಿತಿಗಳು ಹೀಗೆ ತೂಗಲ್ಪಟ್ಟವು. ಬಳಿಕ ಇಡುವ ಕಾಲದ 18 ಸರದಿಗಳನ್ನು ಮುಂದಿನಿಂದ ಹುಡುಕುತ್ತ ಬಂದು ಈ ಪಟ್ಟಿಗೆ ಜೋಡಿಸಿದರು. ದೊರೆತ ಉತ್ತರ: ಆಟವು ಸರಿಸಮ. ತಪ್ಪದ ಇಬ್ಬರಲ್ಲಿ ಯಾರೂ ಸೋಲುವದಿಲ್ಲ.

ಇದನ್ನು ಕೇಳಿದವರು, ಹಾಗಾದರೆ ಆಡುವದೇಕೆ ಎಂದು ಕೇಳುವರು. ಆಟವು ಸರಿಸಮವೆಂದರೆ ಆಟದಲ್ಲಿ ಮೋಸವಿಲ್ಲವೆಂದು ಅರ್ಥ. ಮೊದಲು ಇಟ್ಟವನಿಗೆ ಜನ್ಮಸಿದ್ಧ ಹಕ್ಕಿಲ್ಲ, ಆಮೇಲೆ ಇಟ್ಟವನಿಗೆ ಜನ್ಮಸಿದ್ಧ ಸೋಲಿಲ್ಲ. ಗೆಲವು ಬಂದರೆ ಅದು ಎದುರಿನವನ ಒಂದು ಅಲಕ್ಷ್ಯದಿಂದ ಬಂದದ್ದು. ಆ ಅಲಕ್ಷ್ಯವನ್ನು ಕಾಣುವದಕ್ಕಾಗಿ ಗೆದ್ದವನು ಕಣ್ಣು ತೆರೆದು ಕುಳಿತಿರಬೇಕಾಯಿತು. 770 ಕೋಟಿ ಸ್ಥಿತಿಗಳನ್ನು ಯಾವ ಮನುಷ್ಯನೂ ತಲೆಯಲ್ಲಿ ಇಟ್ಟುಕೊಳ್ಳಲಾರನು. ಆದರೆ ಕೊನೆಯನ್ನು ಮೊದಲು ನೆನೆದು ಹಿಂದಕ್ಕೆ ಬರುವ ಆ ರೀತಿಯನ್ನು ಯಾರಾದರೂ ಕಲಿಯಬಹುದು.

ನಿಯಮದ ಜಗಳ

ಕೊನೆಯದಾಗಿ, ಈ ಆಟದಲ್ಲಿ ನನಗೆ ಎಲ್ಲಕ್ಕೂ ಮಹತ್ವದ್ದಾಗಿ ಕಂಡ ಒಂದು ಮಾತು. ಆಟವು ಮುದ್ರಿತ ನಿಯಮಗಳಿಂದ ನಮ್ಮ ಕೈಗೆ ಬಂದದ್ದಲ್ಲ. ಅಜ್ಜಿಯಿಂದ ಮೊಮ್ಮಗಳಿಗೆ, ಅಣ್ಣನಿಂದ ತಮ್ಮನಿಗೆ ಬಂದದ್ದು. ಆದುದರಿಂದ ಮನೆಗೊಂದು ನಿಯಮ. ಕೆಲವರು ಮೂಲೆಯಿಂದ ಮೂಲೆಗೆ ಓರೆಗೆರೆಗಳನ್ನೂ ಎಳೆಯುತ್ತಾರೆ. ಆಗ ಸಾಲುಗಳು 16 ಅಲ್ಲ, 20 ಆಗುವವು. ಕೆಲವರು ಮೂರು ಕಾಯಿ ಉಳಿದವನಿಗೆ ಹಾರಲು ಬಿಡುತ್ತಾರೆ. ಕೆಲವರಿಗೆ ಸಾಲಿನ ಕಾಯಿಯೂ ಎತ್ತಲು ಸಲ್ಲುತ್ತದೆ.

ಕ್ಯಾಂಪು ಇಂಥ ಭೇದಗಳ ಸಂಗಮಸ್ಥಾನ. 1818ರಲ್ಲಿ ಬೆಳಗಾವಿಯ ಕೋಟೆಯು ಇಂಗ್ಲಿಷರ ವಶವಾದ ಮೇಲೆ ದಂಡಿನವರಿಗಾಗಿ ಬೆಳೆದ ಈ ಬಡಾವಣೆಗೆ ನಾಲ್ಕೂ ದಿಕ್ಕಿನ ಜನ ಬಂದರು. ಮರಾಠಾ ಲಘು ಪದಾತಿ ದಳದ ಕೇಂದ್ರವು ಇಂದಿಗೂ ಬೆಳಗಾವಿಯಲ್ಲಿದೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಕೇಳಿಬರುವವು. ಖಾನಾಪುರದ ಕಡೆಯ ಹುಡುಗನೂ ಕ್ಯಾಂಪಿನ ಹುಡುಗನೂ ಒಂದು ಫರಸಿಯ ಎರಡು ಬದಿಗೆ ಕುಳಿತರೆ ಹೀಗೆ ಮಾತು ಬರುವದು ಸಹಜ:

“ಲೇ, ಸಾಲಿನ್ಯಾಗಿನ ಕಾಯಿ ಹೆಂಗ ತೆಗೀತಿಯೋ? ಅದನ್ನ ಮುಟ್ಟಂಗಿಲ್ಲ.”

“ಯಾರ ಹೇಳಿದ್ರು? ನಮ್ಮ ಮನ್ಯಾಗ ತೆಗೀತಾರ.”

“ನಿಮ್ಮ ಮನ್ಯಾಗ ತೆಗೀಲಿ. ಇದು ನಮ್ಮ ಕಟ್ಟಿ.”

ಇಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರದೂ ತಮ್ಮ ತಮ್ಮ ಹಿರಿಯರಿಂದ ಬಂದ ನಿಜವಾದ ನಿಯಮವೇ. ತಪ್ಪಿರುವದು ಬೇರೆ ಕಡೆಗೆ: ಕಾಯಿ ಕೈಯಲ್ಲಿ ಎತ್ತಿದ ಮೇಲೆ ನಿಯಮವನ್ನು ಕೇಳಿದರು. ಗೆರೆ ಎಳೆಯುವಾಗಲೇ ಕೇಳಬೇಕಾಗಿತ್ತು. ಲಾಭ ಯಾರಿಗೆಂದು ಗೊತ್ತಾದ ಮೇಲೆ ನಿಯಮವನ್ನು ಚರ್ಚಿಸಿದರೆ ಅದು ಚರ್ಚೆಯಾಗದೆ ಜಗಳವಾಗುತ್ತದೆ. ಲಾಭ ಯಾರಿಗೆಂದು ಯಾರಿಗೂ ತಿಳಿಯದಿರುವಾಗ, ಹಲಗೆಯು ಇನ್ನೂ ಬರಿದಾಗಿರುವಾಗ, ಮಾಡಿಕೊಂಡ ನಿಯಮ ಮಾತ್ರ ಇಬ್ಬರಿಗೂ ನ್ಯಾಯವಾದೀತು.

ನಮ್ಮ ಊರು ಗೆರೆಗಳ ವಿಷಯದಲ್ಲಿ ಬಹಳ ನೋವನ್ನು ಕಂಡ ಊರು. 1956ರ ನವೆಂಬರ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಾಗಿನಿಂದ ಗಡಿಯ ಮಾತು ಇಲ್ಲಿ ಏಳುತ್ತಲೇ ಇದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ವಿಷಯವು ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಆ ಗೆರೆಯನ್ನು ವಿಚಾರಿಸುವದು ಈ ಲೇಖನದ ಕೆಲಸವಲ್ಲ, ವಿದ್ಯಾರ್ಥಿಗಳ ಕೈಯಲ್ಲಿ ಅದು ಇಲ್ಲವೂ ಇಲ್ಲ. ಆದರೆ ಫರಸಿಯ ಮೇಲಿನ ಗೆರೆ ನಮ್ಮ ಕೈಯಲ್ಲಿದೆ. ಅದನ್ನು ಒಬ್ಬನು ಎಳೆದು ಇನ್ನೊಬ್ಬನಿಗೆ ಕೊಡುವದಲ್ಲ. ಒಬ್ಬನು ಹೊರಚೌಕವನ್ನೂ ಇನ್ನೊಬ್ಬನು ಒಳಚೌಕವನ್ನೂ ಬರೆಯಬೇಕು. ‘ಸಾಲುಮನೆ’ ಎನ್ನುವವನೂ ‘ನವಕಂಕರಿ’ ಎನ್ನುವವನೂ ಅದೇ 24 ಮನೆಗಳಲ್ಲಿಯೇ ಕಾಯಿ ಇಡುತ್ತಾರೆ.

ಆದುದರಿಂದ ನಮ್ಮ ಕಾಲೇಜಿನ ಗೆಳೆಯರಲ್ಲಿ ನನ್ನ ಸೂಚನೆ ಇಷ್ಟೇ. ವಿರಾಮದ ಹೊತ್ತಿನಲ್ಲಿ ಈ ಆಟವನ್ನು ಆಡಿರಿ. ಬೇರೆ ಮನೆಮಾತಿನ ಗೆಳೆಯನನ್ನು ಎದುರಿಗೆ ಕೂಡಿಸಿಕೊಂಡು ಆಡಿರಿ. ಮೊದಲ ಕಾಯಿಗೆ ಮುಂಚೆ ನಾಲ್ಕು ಪ್ರಶ್ನೆಗಳನ್ನು ಕೇಳಿ ಒಪ್ಪಿಕೊಳ್ಳಿರಿ: ಓರೆಗೆರೆ ಇದೆಯೋ ಇಲ್ಲವೋ, ಸಾಲಿನ ಕಾಯಿಯನ್ನು ಎತ್ತಬಹುದೋ ಇಲ್ಲವೋ, ಮೂರು ಕಾಯಿಯವನು ಹಾರಬಹುದೋ ಇಲ್ಲವೋ, ಕೈ ಬಿಟ್ಟ ಕಾಯಿಯನ್ನು ಹಿಂದಕ್ಕೆ ತೆಗೆಯಬಹುದೋ ಇಲ್ಲವೋ. ಮನೆಯಲ್ಲಿ ಹಿರಿಯರು ಆಡಿದ ನಿಯಮಗಳನ್ನು, ಅವರು ಕಾಯಿಗೂ ಸಾಲಿಗೂ ಹೇಳುವ ಹೆಸರುಗಳನ್ನು, ಊರಿನ ಹೆಸರಿನೊಡನೆ ಒಂದು ವಹಿಯಲ್ಲಿ ಬರೆದಿಡಿರಿ. ಫರಸಿಯ ಮೇಲಿನ ಖಡುವಿನ ಗೆರೆ ಸಂಜೆಗೆ ಕಸಬರಿಗೆ ತಾಗಿದರೆ ಹೋಗುವದು. ಬರೆದಿಟ್ಟದ್ದು ಮುಂದಿನ ವರ್ಷದ ವಿದ್ಯಾರ್ಥಿಗೆ ಉಳಿಯುವದು.